ಮನೆಯ ವಿದ್ಯುತ್ತಿನ ಲೆಕ್ಕ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಅದರ ಸಮೀಪದಲ್ಲಿಯೇ ಕಾಳಿ ನದಿಗೆ ಕಟ್ಟಿದ ಕದ್ರಾ ಅಣೆಕಟ್ಟೆಯಲ್ಲಿ ಜಲವಿದ್ಯುತ್ತು ಉತ್ಪತ್ತಿಯಾಗುತ್ತದೆ. ಇಷ್ಟೊಂದು ವಿದ್ಯುತ್ತು ನಮ್ಮ ನೆರೆಯಲ್ಲಿಯೇ ಹುಟ್ಟಿದರೂ ಮನೆಯ ತಂತಿಯು ತನ್ನ ಶಕ್ತಿಯಿದ್ದಷ್ಟನ್ನು ಮಾತ್ರ ಹೊರಬಲ್ಲದು. ಈ ಸತ್ಯವನ್ನು ನಾನು ಅರಿತದ್ದು ಒಂದು ಚೌತಿಯ ಸಂಜೆ.

ಅಂಕೋಲೆಯ ನಮ್ಮ ಹಳೆಯ ಮನೆ ಅಂದು ನೆಂಟರಿಂದ ತುಂಬಿತ್ತು. ದೀಪಗಳು, ಫ್ಯಾನುಗಳು ಎಲ್ಲವೂ ನಡೆಯುತ್ತಿದ್ದವು. ಸ್ನಾನಕ್ಕೆ ಗೀಸರು, ಕಾಯಿ ರುಬ್ಬಲು ಮಿಕ್ಸರು, ಬಟ್ಟೆಗೆ ಇಸ್ತ್ರಿಪೆಟ್ಟಿಗೆ, ಬಾವಿಯ ನೀರಿಗೆ ಪಂಪು ಒಮ್ಮೆಗೇ ಚಾಲೂ ಆದವು. ಫ್ಯೂಸು ಸುಟ್ಟು ಮನೆ ಕತ್ತಲಾಯಿತು. ಬಂದಿದ್ದ ತರುಣನೊಬ್ಬನು ಫ್ಯೂಸಿಗೆ ದಪ್ಪನೆಯ ತಾಮ್ರದ ತಂತಿಯನ್ನು ಸುತ್ತಿದನು. ಬೆಳಕು ಮರಳಿತು; ಎಲ್ಲರೂ ಅವನನ್ನು ಹೊಗಳಿದೆವು. ಅರ್ಧ ಗಂಟೆಯೊಳಗೆ ಗೋಡೆಯಿಂದ ಸುಟ್ಟ ವಾಸನೆ ಬಂದಿತು. ಮುಖ್ಯ ಗುಂಡಿಯನ್ನು ಕೂಡಲೇ ಆರಿಸಿದ್ದರಿಂದ ಮಾಡಿನ ಮರಕ್ಕೆ ಬೆಂಕಿ ತಗಲಲಿಲ್ಲ.

ಆ ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದೆನು. ಹತ್ತು ಎಲ್‌ಇಡಿ ದೀಪಗಳಿಗೆ 100 ವಾಟ್, ನಾಲ್ಕು ಫ್ಯಾನುಗಳಿಗೆ 300, ದೂರದರ್ಶನಕ್ಕೆ 100, ಫ್ರಿಜ್ಜಿಗೆ 200, ಮಿಕ್ಸರಿಗೆ 500, ಇಸ್ತ್ರಿಪೆಟ್ಟಿಗೆಗೆ 1000, ಪಂಪಿಗೆ 1000, ಗೀಸರಿಗೆ 2000. ಒಟ್ಟು 5200 ವಾಟ್. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 22.6 ಆಂಪಿಯರ್ ದೊರೆಯುತ್ತದೆ. ನಮ್ಮ ಫ್ಯೂಸು ಇದ್ದುದು 16 ಆಂಪಿಯರಿಗೆ!

ಹಾಗಾದರೆ ಮನೆಯಲ್ಲಿರುವ ಎಲ್ಲ ಉಪಕರಣಗಳ ಮೊತ್ತವೇ ಮನೆಯ ಬೇಡಿಕೆಯೇ? ಅಲ್ಲ. ಮದುವೆಗೆ ಮುನ್ನೂರು ಮಂದಿ ಬಂದರೂ ಒಂದು ಪಂಕ್ತಿಗೆ ನೂರು ಎಲೆ ಹಾಕಿದರೆ ಸಾಕಲ್ಲವೇ? ಹಾಗೆಯೇ ಉಪಕರಣಗಳೆಲ್ಲವೂ ಸಾಮಾನ್ಯವಾಗಿ ಒಮ್ಮೆಗೇ ನಡೆಯುವುದಿಲ್ಲ. ಒಂದೇ ಹೊತ್ತಿನಲ್ಲಿ ನಡೆಯಬಹುದಾದವುಗಳ ಅತಿ ಹೆಚ್ಚಿನ ಮೊತ್ತಕ್ಕೆ ‘ಗರಿಷ್ಠ ಬೇಡಿಕೆ’ ಎಂದು ಹೆಸರು. ಪಂಪನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಬೇರೆ ಹೊತ್ತಿಗೆ ಇರಿಸಿದ್ದರೆ ಅಂದಿನ ಬೇಡಿಕೆ 3200 ವಾಟಿಗೆ, ಅಂದರೆ ಸುಮಾರು 14 ಆಂಪಿಯರಿಗೆ ಇಳಿಯುತ್ತಿತ್ತು.

ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಆದ್ದರಿಂದ 14 ಆಂಪಿಯರ್ 22.6 ಆದಾಗ ಶಾಖವು ಎರಡೂವರೆ ಪಟ್ಟಿಗೂ ಮಿಕ್ಕಿತು. ಫ್ಯೂಸು ತಾನು ಕರಗಿ ಮನೆಯನ್ನು ಉಳಿಸುವ ಕಾವಲುಗಾರ. ಅದರ ಬಾಯಿ ಕಟ್ಟಿದವರು ನಾವೇ.

ಮನೆಗೆ ಹೊಸ ಉಪಕರಣ ಬಂದಾಗ ಲೆಕ್ಕವನ್ನು ಮತ್ತೆ ಹಾಕಬೇಕು. ಬೇಡಿಕೆ ಹೆಚ್ಚಿದರೆ ಅರ್ಜಿ ಕೊಟ್ಟು ಮಂಜೂರಾದ ಹೊರೆಯನ್ನು ಏರಿಸಿಕೊಂಡು, ಪರವಾನಗಿಯುಳ್ಳ ಕೆಲಸಗಾರನಿಂದ ತಕ್ಕ ತಂತಿಯನ್ನು ಹಾಕಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಹಣಕ್ಕೆ ಮಾತ್ರವಲ್ಲ, ವಿದ್ಯುತ್ತಿಗೂ ಸಲ್ಲುತ್ತದೆ.