ಹೇಂಟೆಯ ಕಾವು, ಬಲ್ಬಿನ ಕಾವು

ಕಾಸರಗೋಡು ಜಿಲ್ಲೆಯ ಬೆಳ್ಳೂರು ಕರ್ನಾಟಕದ ಗಡಿಗೆ ಅಂಟಿಕೊಂಡ ಪಂಚಾಯತ್. ಅಡಿಕೆ ತೋಟಗಳ ಈ ಊರಿನವರು ಕೋಳಿ ತಳಿಗಾಗಿ ಎರಡೂ ರಾಜ್ಯಗಳತ್ತ ನೋಡಬಹುದು. ಕೇರಳದ ಮಣ್ಣುತ್ತಿಯಲ್ಲಿ ಗ್ರಾಮಶ್ರೀ ರೂಪುಗೊಂಡಿತು. ಬೆಂಗಳೂರಿನ ಹೆಬ್ಬಾಳ ಗಿರಿರಾಜವನ್ನೂ 2005ರಲ್ಲಿ ಸ್ವರ್ಣಧಾರಾವನ್ನೂ ಕೊಟ್ಟಿತು. ಇಂಥ ತಳಿಗಳು ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆ ಇಡುತ್ತವೆ, ಆದರೆ ಕಾವಿಗೆ ಕೂರುವುದು ಅಪರೂಪ. ಹಾಗಾಗಿ ಮರಿ ಬೇಕೆಂದರೆ ಮನೆಯ ನಾಟಿ ಹೇಂಟೆಯನ್ನೇ ನಂಬಬೇಕು, ಇಲ್ಲವೇ ಅವಳ ಕೆಲಸವನ್ನು ಕಲಿತು ಪೆಟ್ಟಿಗೆಯಲ್ಲಿ ಮಾಡಬೇಕು.

ಆ ಕೆಲಸ ಸಣ್ಣದಲ್ಲ.

ಕಾವು ಬಂದ ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸಿ, ಗೂಡು ಬಿಡದೆ, ಹತ್ತಿರ ಹೋದವರಿಗೆ ಗರಿ ಕೆದರಿ ಸಿಡುಕುತ್ತಾಳೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುವುದು ಇದಕ್ಕೆ ಕಾರಣ. ಎದೆಯ ಗರಿ ಉದುರಿ ಬರಿಯ ಚರ್ಮ ಮೊಟ್ಟೆಗೆ ತಾಗುವುದರಿಂದ ಮೈಬಿಸಿ ನೇರವಾಗಿ ಸಿಗುತ್ತದೆ. ಹತ್ತು ಹನ್ನೆರಡು ಮೊಟ್ಟೆ ಅವಳ ಮೈಯಡಿ ಹಿಡಿಯುತ್ತವೆ. ದಿನಕ್ಕೆ ಹಲವು ಸಲ ಕೊಕ್ಕಿನಿಂದ ಅವನ್ನು ಹೊರಳಿಸುತ್ತಾಳೆ. ಹೊರಳದಿದ್ದರೆ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟಿ ಸಾಯುತ್ತದೆ. ಇಪ್ಪತ್ತೊಂದನೇ ದಿನದ ಆಸುಪಾಸಿಗೆ ಮರಿಗಳು ಹೊರಬರುತ್ತವೆ.

ಇನ್‌ಕ್ಯುಬೇಟರ್ ಇದನ್ನೇ ಅನುಕರಿಸುತ್ತದೆ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಉಷ್ಣತೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 55ರ ಆಸುಪಾಸು ಇರಬೇಕು. ಹುಂಜ ಕೂಡಿದ ಹೇಂಟೆಯ, ಒಂದು ವಾರದೊಳಗಿನ, ತೊಳೆಯದ ಮೊಟ್ಟೆಗಳನ್ನೇ ಆರಿಸಬೇಕು. ಏಳನೇ ದಿನ ಕತ್ತಲೆಯಲ್ಲಿ ಟಾರ್ಚ್ ಹಿಡಿದರೆ ಬೆಳೆಯುತ್ತಿರುವ ಮೊಟ್ಟೆಯಲ್ಲಿ ಕೆಂಪು ರಕ್ತನಾಳಗಳ ಬಲೆ ಕಾಣುತ್ತದೆ. ಏನೂ ಕಾಣದ್ದನ್ನು ತೆಗೆದಿಡಬೇಕು. ಹದಿನೆಂಟನೇ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇ. 65ಕ್ಕಿಂತ ಮೇಲೇರಿಸಬೇಕು.

ಚಿಪ್ಪು ಬಿರಿದ ಮೇಲೆ ಮರಿ ಪೂರ್ತಿ ಹೊರಬರಲು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಹಿಡಿಯಬಹುದು. ಕನಿಕರದಿಂದ ಚಿಪ್ಪು ಸುಲಿಯಲು ಹೋಗಬಾರದು: ಆ ಹೊತ್ತಿನಲ್ಲಿ ಮರಿ ಪೊರೆಯ ರಕ್ತವನ್ನೂ ಉಳಿದ ಹಳದಿಯನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಆ ಹಳದಿಯ ಬಲದಿಂದಲೇ ಅದು ಎರಡು ದಿನ ಆಹಾರವಿಲ್ಲದೆ ಬದುಕಬಲ್ಲದು.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಗೂಡಿನಲ್ಲಿ ಕಬ್ಬಿಣದ ತುಂಡು ಇಡುವ ರೂಢಿ ಹಳ್ಳಿಗಳಲ್ಲಿದೆ. ಪೆಟ್ಟಿಗೆಯ ಮೊಟ್ಟೆಗಳಿಗಾದರೋ ಮಳೆಗಾಲದ ಮುಂಚಿನ ಗುಡುಗು ಮಳೆಗೆ ಕರೆಂಟು ಹೋಗುವುದೇ ನಿಜವಾದ ಅಪಾಯ. ಹೇಂಟೆಯ ಕಾವಿಗೆ ಆ ಭಯವಿಲ್ಲ.

ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ ಬಲ್ಬಿನಡಿ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿದರಾಯಿತು. ಬಲ್ಬಿನಡಿ ಗುಂಪುಗೂಡಿ ಚಿಂವ್‌ಗುಟ್ಟಿದರೆ ಚಳಿ; ದೂರ ಸರಿದು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ. ನೆಲಕ್ಕೆ ಭತ್ತದ ಉಮಿ ಹಾಸಬೇಕು. ನುಣುಪು ಕಾಗದದ ಮೇಲೆ ಕಾಲು ಜಾರಿ ಸೊಟ್ಟಗಾಗುತ್ತವೆ. ನೀರಿನ ತಟ್ಟೆಯಲ್ಲಿ ಕಲ್ಲುಹರಳು ಹಾಕಿದರೆ ಮರಿ ಮುಳುಗುವುದಿಲ್ಲ. ನುಚ್ಚಕ್ಕಿಯೊಂದೇ ಸಾಲದು, ಶೇ. 20ರಷ್ಟು ಪ್ರೋಟೀನಿರುವ ಮರಿ ಆಹಾರ ಬೇಕು; ತೋಟದ ಗೆದ್ದಲು ಒಳ್ಳೆಯ ಜೊತೆ. ಮಳೆಗಾಲದಲ್ಲಿ ಉಮಿ ಒದ್ದೆಯಾದರೆ ರಕ್ತಭೇದಿ ಹರಡುತ್ತದೆ, ಆಗಾಗ ಬದಲಿಸಬೇಕು.

ಹೊರಗೆ ಬಿಟ್ಟ ಮೇಲೆ ಹದ್ದು, ಕಾಗೆ, ಮುಂಗುಸಿಗಳ ಕಾಟ. ತಾಯಿ ಜೊತೆಗಿದ್ದರೆ ಅವಳ ಒಂದೇ ಕೂಗಿಗೆ ಮರಿಗಳೆಲ್ಲ ಅಡಗುತ್ತವೆ. ಪೆಟ್ಟಿಗೆಯ ಮರಿಗಳಿಗೆ ಬಲೆಯ ಮರೆ ಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ರಾಣಿಖೇತ್ ರೋಗ. ಇದಕ್ಕೆ ಐದರಿಂದ ಏಳು ದಿನದೊಳಗೆ ಕಣ್ಣು ಅಥವಾ ಮೂಗಿಗೆ ಲಸಿಕೆಯ ಹನಿ ಹಾಕಬೇಕು, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು. ತೊಡಕೆಂದರೆ, ಲಸಿಕೆಯ ಬಾಟಲಿ ಸಾಮಾನ್ಯವಾಗಿ ನೂರು ಮರಿಗಳಿಗಾಗುವಷ್ಟು ಬರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನೆರೆಯ ಎಂಟು ಹತ್ತು ಮನೆಯವರು ಮಾತಾಡಿಕೊಂಡು ಒಂದೇ ವಾರ ಹೇಂಟೆಗಳನ್ನು ಕಾವಿಗೆ ಕೂರಿಸಿದರೆ ಮರಿಗಳೂ ಒಟ್ಟಿಗೇ ಬರುತ್ತವೆ, ಒಂದೇ ಬಾಟಲಿಯಲ್ಲಿ ಎಲ್ಲರ ಮರಿಗಳಿಗೂ ಹನಿ ಹಾಕಬಹುದು.