ಡಿಸೆಂಬರ್ ಹನ್ನೆರಡರ ಪಂಕ್ತಿ

ಕಲಿತ ಶಾಲೆಯ ಋಣ ತೀರುವಂಥದಲ್ಲ ಎಂಬ ಮಾತು ಎಲ್ಲ ನಾಡುಗಳಲ್ಲಿಯೂ ಉಂಟು. ಆ ಋಣವನ್ನು ನೆನೆಯುವ ಬಗೆ ಮಾತ್ರ ನಾಡಿನಿಂದ ನಾಡಿಗೆ ಬೇರೆ. ನಮ್ಮ ನಾಡಿನಲ್ಲಿ ಹಳೆಯ ಶಿಷ್ಯರು ಗುರುವಿನ ಪಾದಕ್ಕೆರಗಿ, ಫಲತಾಂಬೂಲವಿತ್ತು, ಶಾಲು ಹೊದಿಸಿ ಕೃತಾರ್ಥರಾಗುತ್ತಾರೆ. ಇಂಗ್ಲೆಂಡಿನಲ್ಲಿ ಅವರು ಒಟ್ಟಿಗೆ ಕುಳಿತು ಊಟ ಮಾಡುತ್ತಾರೆ. ವರ್ಷಕ್ಕೊಮ್ಮೆ, ಗೊತ್ತಾದ ತಿಥಿಯಂದು, ಹಳೆಯ ವಿದ್ಯಾರ್ಥಿಗಳೆಲ್ಲ ಕಲೆತು, ಹಳೆಯ ಅಡ್ಡಹೆಸರುಗಳಿಂದ ಒಬ್ಬರನ್ನೊಬ್ಬರು ಕರೆದು, ಬಟ್ಟಲೆತ್ತಿ ಶಾಲೆಗೆ ಶುಭ ಕೋರಿ ಚದರುವುದು ಅಲ್ಲಿಯ ಗಂಡುಹುಡುಗರ ಶಾಲೆಗಳಲ್ಲಿ ನೂರಾರು ವರ್ಷಗಳಿಂದ ನಡೆದುಬಂದ ಪದ್ಧತಿ.

ಇಂಥ ಊಟಗಳಿಗೆ ಒಂದು ಕೊರತೆಯುಂಟು. ಬಾಳಿನಲ್ಲಿ ಗೆದ್ದವರು ಬರುತ್ತಾರೆ, ಸೋತವರು ಬರುವುದಿಲ್ಲ. ನ್ಯಾಯಾಧೀಶನಾದವನು, ದಂಡನಾಯಕನಾದವನು, ಬಿಷಪ್ಪನಾದವನು ಮೇಲುಪಂಕ್ತಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನ ಮಗ್ಗುಲಲ್ಲಿಯೇ ಕುಳಿತು ಪಾಠ ಓದಿ, ಆಮೇಲೆ ಮನೆಮಠ ಕಳೆದುಕೊಂಡವನು ಏನಾದನೆಂದು ಕೇಳುವವರಿಲ್ಲ. ಆದರೆ ಹಾಗೆ ಸೋತವರನ್ನು ಮರೆಮಾಡಲು ಬಾರದಂಥ ಶಾಲೆಯೊಂದು ಲಂಡನ್ನಿನಲ್ಲಿ ಇದ್ದಿತು. ಅದರ ಹೆಸರು ಚಾರ್ಟರ್‌ಹೌಸ್.

ಸಟನ್ನನ ದತ್ತಿ

ಲಂಡನ್ನಿನ ಸ್ಮಿತ್‌ಫೀಲ್ಡ್ ಮಾರುಕಟ್ಟೆಯ ಬಡಗಣ ದಿಕ್ಕಿಗೆ ಚಾರ್ಟರ್‌ಹೌಸಿನ ಹಳೆಯ ಕಲ್ಲಿನ ಹೆಬ್ಬಾಗಿಲು ಇದೆ. ೧೩೪೮ರ ಮಹಾಮಾರಿಯಲ್ಲಿ ಸತ್ತವರನ್ನು ಹೂಳಿದ ನೆಲ ಅದು. ೧೩೭೧ರಲ್ಲಿ ಅಲ್ಲಿ ಕಾರ್ಥೂಸಿಯನ್ ಪಂಥದ ಸನ್ಯಾಸಿಗಳ ಮಠವೊಂದು ಎದ್ದಿತು. ಎಂಟನೆಯ ಹೆನ್ರಿ ದೊರೆ ಮಠಗಳನ್ನು ಮುಚ್ಚಿಸಿದ ಮೇಲೆ ಅದು ಸಿರಿವಂತರ ಅರಮನೆಯಾಗಿ ಕೈಯಿಂದ ಕೈಗೆ ಸಾಗಿತು. ೧೬೧೧ರಲ್ಲಿ ಥಾಮಸ್ ಸಟನ್ ಎಂಬ ಧನಿಕನು ೧೩,೦೦೦ ಪೌಂಡು ತೆತ್ತು ಅದನ್ನು ಕೊಂಡುಕೊಂಡನು. ಕಲ್ಲಿದ್ದಲಿನಿಂದಲೂ ಬಡ್ಡಿ ವ್ಯವಹಾರದಿಂದಲೂ ಅಪಾರ ಹಣ ಗಳಿಸಿದ್ದ ಸಟನ್ ಆ ಹಣವನ್ನೆಲ್ಲ ಒಂದು ದತ್ತಿಗೆ ಬಿಟ್ಟು, ಅದೇ ವರ್ಷ ಡಿಸೆಂಬರ್ ೧೨ರಂದು ತೀರಿಕೊಂಡನು.

ಆ ದತ್ತಿಯ ಏರ್ಪಾಡು ವಿಚಿತ್ರವಾದುದು. ಒಂದೇ ಆವರಣದಲ್ಲಿ ನಲವತ್ತು ಹುಡುಗರಿಗೆ ಉಚಿತ ವಿದ್ಯೆ, ಎಂಬತ್ತು ಮಂದಿ ವೃದ್ಧರಿಗೆ ಅನ್ನ, ವಸತಿ. ಆ ವೃದ್ಧರು ಹುಟ್ಟುಬಡವರಲ್ಲ, ಇದ್ದು ಕೆಟ್ಟವರು. ಯುದ್ಧದಲ್ಲಿ ಅಂಗಹೀನರಾದ ಯೋಧರು, ಹಡಗು ಮುಳುಗಿ ಸರಕು ಕಳೆದುಕೊಂಡ ವರ್ತಕರು, ದೊರೆಯ ಮನೆಯಲ್ಲಿ ಊಳಿಗ ಮಾಡಿ ಮುಪ್ಪಾದವರು — ಇಂಥವರಿಗೆಂದೇ ಅದು ಮೀಸಲು. 'ಬಡ ಸೋದರರು' ಎಂದು ಅವರಿಗೆ ಹೆಸರು. ಹುಡುಗರು ಮಾತ್ರ ತಮ್ಮ ತಮ್ಮಲ್ಲಿ ಅವರನ್ನು 'ಕಾಡ್' ಎಂದು ಕರೆದು ನಗುತ್ತಿದ್ದರು. ದತ್ತಿಯ ಹುಡುಗರೂ ಕರಿಯ ನಿಲುವಂಗಿ ತೊಡುತ್ತಿದ್ದರು. ಆ ಮುದುಕರೂ ಕರಿಯ ನಿಲುವಂಗಿ ತೊಡುತ್ತಿದ್ದರು.

ಆ ಮುದುಕರಲ್ಲಿ ಹೆಸರಾಂತವರೂ ಇದ್ದರು. ಒಂದು ಕಾಲಕ್ಕೆ ಡ್ರೈಡನ್ ಮಹಾಕವಿಗೇ ಎದುರಾಳಿ ಎನಿಸಿ ಮೆರೆದ ನಾಟಕಕಾರ ಎಲ್ಕಾನ ಸೆಟ್ಲ್ ಬಡ ಸೋದರನಾಗಿ ಇಲ್ಲಿಯೇ ೧೭೨೪ರಲ್ಲಿ ಸತ್ತನು. ವಿದ್ಯುಚ್ಛಕ್ತಿಯು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದೂರ ಹರಿಯಬಲ್ಲದೆಂದು ೧೭೨೯ರಲ್ಲಿ ತೋರಿಸಿಕೊಟ್ಟ ಸ್ಟೀಫನ್ ಗ್ರೇ ಇಲ್ಲಿಯ ಅನ್ನ ಉಂಡವನೇ. ಅವನು ೧೭೩೦ರಲ್ಲಿ ಒಬ್ಬ ಬಾಲಕನನ್ನು ಹಗ್ಗಗಳಿಂದ ತೂಗುಬಿಟ್ಟು, ಮನುಷ್ಯನ ಮೈಯಲ್ಲಿಯೂ ಆ ಶಕ್ತಿ ಹರಿಯುವುದನ್ನು ತೋರಿಸಿದನು.

ಆ ದಿನದ ವಿಧಿ

ಸಟನ್ ಸತ್ತ ದಿನವೇ ಶಾಲೆಯ ಸ್ಥಾಪಕರ ದಿನವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಡಿಸೆಂಬರ್ ೧೨ರ ವಿಧಿ ಹೀಗಿದ್ದಿತು. ದತ್ತಿಯ ಹುಡುಗರ ಮುಖಂಡನು ಸ್ಥಾಪಕನ ಗುಣಗಾನ ಮಾಡುತ್ತ ಲ್ಯಾಟಿನ್ ಭಾಷೆಯಲ್ಲಿ ಒಂದು ಉಪನ್ಯಾಸ ಕೊಡುವನು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದುಹೋಗಿ ಅವನಿಗೆ ಕಾಣಿಕೆ ಸಲ್ಲಿಸುವರು. ಅವನ ಮುಂದಿನ ವಿದ್ಯಾಭ್ಯಾಸಕ್ಕೆ ಅದು ನೆರವು. ಊಟದ ಮೇಲ್ವಿಚಾರಕರು ಕೈಯಲ್ಲಿ ಬೆತ್ತ ಹಿಡಿದು ಮೆರವಣಿಗೆಯ ಮುಂದೆ ನಡೆಯುವರು. ಪ್ರಾರ್ಥನಾ ಮಂದಿರದಲ್ಲಿ ಪೂಜೆ, ಧರ್ಮೋಪದೇಶ. ಆ ಬಳಿಕ ದೊಡ್ಡ ಊಟ, ಭಾಷಣಗಳು, ಈ ಮನೆ ಎಂದೆಂದಿಗೂ ಏಳಿಗೆ ಹೊಂದಲಿ ಎಂಬ ಲ್ಯಾಟಿನ್ ಹಾರೈಕೆ.

ಡಿಸೆಂಬರ್ ತಿಂಗಳಿನಲ್ಲಿ ಲಂಡನ್ನಿಗೆ ನಾಲ್ಕು ಗಂಟೆಗೇ ಕತ್ತಲೆ ಕವಿಯುತ್ತದೆ. ಪ್ರಾರ್ಥನಾ ಮಂದಿರದಲ್ಲಿ ದೀಪ ಹಚ್ಚಿದಾಗ ಅಲ್ಲಿ ಮೂರು ತಲೆಮಾರು ಒಟ್ಟಿಗೆ ಕಾಣುತ್ತಿದ್ದಿತು. ಒಂದು ಕಡೆ ಮುಖ ತೊಳೆದು ಬಿಳಿಯ ಕಾಲರು ತೊಟ್ಟ ಹುಡುಗರು. ಒಂದು ಕಡೆ ಬಾಳಿನ ನಡುಹಗಲಿನಲ್ಲಿರುವ ಹಳೆಯ ವಿದ್ಯಾರ್ಥಿಗಳು. ಇನ್ನೊಂದು ಕಡೆಯ ಬೆಂಚುಗಳ ಮೇಲೆ ಕರಿಯ ನಿಲುವಂಗಿಯ ಮುದುಕರು. ಎಲ್ಲರ ಎದುರಿಗೆ ಸಟನ್ನನ ಚಿತ್ರವಿಚಿತ್ರ ಕೆತ್ತನೆಯ ಗೋರಿ. ಪೂಜೆ ಎಲ್ಲರಿಗೂ ಒಂದೇ. ಹಳೆಯ ವಿದ್ಯಾರ್ಥಿಗಳ ಔತಣ ಮಾತ್ರ ಅವರವರದು. ನಮ್ಮವರು ಪಂಕ್ತಿಭೇದ ಎನ್ನುವುದು ಇದನ್ನೇ.

ವರ್ಷ ವರ್ಷವೂ ನೂರಾರು ಜನ ಈ ನೋಟವನ್ನು ಕಂಡು, ಉಂಡು, ಮನೆಗೆ ಹೋದರು. ಅವರಲ್ಲಿ ಒಬ್ಬನು ಮಾತ್ರ ಮುದುಕರ ಬೆಂಚಿನಿಂದ ಕಣ್ಣು ಕೀಳಲಾರದೆ ಹೋದನು. ಅವನೇ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ.

ಕಲ್ಕತ್ತೆಯಲ್ಲಿ ಹುಟ್ಟಿದ ಹುಡುಗ

ಥ್ಯಾಕರೆಯ ಮನೆತನಕ್ಕೂ ಭರತಖಂಡಕ್ಕೂ ಬಿಡದ ನಂಟು. ಅವನು ಹುಟ್ಟಿದ್ದು ೧೮೧೧ರಲ್ಲಿ, ಕಲ್ಕತ್ತೆಯಲ್ಲಿ. ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದ ತಂದೆ ೧೮೧೫ರಲ್ಲಿ ಅಲ್ಲಿಯೇ ತೀರಿಕೊಂಡನು. ಮಗನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರು. ೧೮೨೨ರಿಂದ ೧೮೨೮ರವರೆಗೆ ಅವನು ಚಾರ್ಟರ್‌ಹೌಸಿನಲ್ಲಿದ್ದನು.

ಆ ವರ್ಷಗಳಲ್ಲಿಯೇ ಅವನ ಚಿಕ್ಕಪ್ಪನೊಬ್ಬನ ಹೆಸರು ಕನ್ನಡ ನಾಡಿನ ಚರಿತ್ರೆಯಲ್ಲಿ ಸೇರಿಕೊಂಡಿತು. ಕಿತ್ತೂರಿನ ಕೋಟೆಯ ಮುಂದೆ ೧೮೨೪ರ ಅಕ್ಟೋಬರ್ ೨೩ರಂದು ರಾಣಿ ಚೆನ್ನಮ್ಮನ ಸೈನ್ಯಕ್ಕೆ ಎದುರಾಗಿ ಮಡಿದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯನ್ನು ಕನ್ನಡಿಗರು ಬಲ್ಲರು. ಕಾದಂಬರಿಕಾರನ ತಂದೆಯ ಒಡಹುಟ್ಟಿದವನು ಅವನು. ಆಗ ಚಾರ್ಟರ್‌ಹೌಸಿನ ಹುಡುಗನಿಗೆ ಹದಿಮೂರು ವರ್ಷ.

ಶಾಲೆ ಅವನಿಗೆ ಸುಖ ಕೊಡಲಿಲ್ಲ. ಮುಖ್ಯೋಪಾಧ್ಯಾಯ ಡಾ|| ರಸೆಲ್ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಪದ್ಧತಿಯನ್ನು ತಂದಿದ್ದನು. ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನಲ್ಲಿ ನಡೆಸಿ ನೋಡಿ ಇಂಗ್ಲೆಂಡಿಗೆ ಒಯ್ದ ಪದ್ಧತಿ ಅದು. ಅಲ್ಲಿ ಅದಕ್ಕೆ 'ಮದರಾಸು ಪದ್ಧತಿ' ಎಂದೇ ಹೆಸರು. ೧೮೨೫ರಲ್ಲಿ ಶಾಲೆಯ ಹುಡುಗರ ಸಂಖ್ಯೆ ೪೮೦ಕ್ಕೆ ಏರಿದ್ದಿತು. ಆ ನೂಕುನುಗ್ಗಲಿನಲ್ಲಿ ವೆನಬಲ್ಸ್ ಎಂಬ ಸಹಪಾಠಿಯೊಡನೆ ಹೊಡೆದಾಡಿ ಥ್ಯಾಕರೆ ಮೂಗು ಮುರಿಸಿಕೊಂಡನು. ಹೊಡೆದವನೂ ಹೊಡೆಸಿಕೊಂಡವನೂ ಮುಂದೆ ಜೀವಮಾನದ ಗೆಳೆಯರಾದರು. ಮೂಗು ಮಾತ್ರ ನೆಟ್ಟಗಾಗಲಿಲ್ಲ. ಬರಹಗಾರನಾದ ಮೊದಲಲ್ಲಿ ಥ್ಯಾಕರೆ ತನ್ನ ಶಾಲೆಯನ್ನು 'ಕಟುಕರ ಮನೆ' ಎಂಬರ್ಥದ ಹೆಸರಿನಿಂದ ಅಣಕಿಸಿದನು.

ತಂದೆ ಬಿಟ್ಟುಹೋದ ಆಸ್ತಿ ಚಿಕ್ಕದಾಗಿರಲಿಲ್ಲ. ಆದರೆ ಕಲ್ಕತ್ತೆಯ ದೊಡ್ಡ ದೊಡ್ಡ ಲೇವಾದೇವಿ ಕೋಠಿಗಳು ೧೮೩೦ರಿಂದ ಒಂದಾದಮೇಲೊಂದು ದಿವಾಳಿಯೆದ್ದವು. ೧೮೩೩ರ ಹೊತ್ತಿಗೆ ಥ್ಯಾಕರೆಯ ಹಣದ ಬಹುಪಾಲು ಅದರಲ್ಲಿ ಕರಗಿಹೋಯಿತು. ಇಪ್ಪತ್ತೆರಡರ ಯುವಕ ಹೊಟ್ಟೆಪಾಡಿಗಾಗಿ ಲೇಖನಿ ಹಿಡಿಯಬೇಕಾಯಿತು. ಇದ್ದು ಕೆಡುವುದು ಎಂದರೇನೆಂಬುದನ್ನು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಬೆಂಚಿನ ಮೇಲೆ ಕರ್ನಲ್

ಕೀರ್ತಿ ಬಂದ ಮೇಲೆ ಶಾಲೆಯ ಮೇಲಣ ಮುನಿಸು ಕರಗಿತು. ಥ್ಯಾಕರೆ ಸ್ಥಾಪಕರ ದಿನದ ಊಟಕ್ಕೆ ಬರತೊಡಗಿದನು. ೧೮೫೩ರಿಂದ ೧೮೫೫ರವರೆಗೆ ಕಂತುಕಂತಾಗಿ ಹೊರಬಂದ 'ದಿ ನ್ಯೂಕಮ್ಸ್' ಕಾದಂಬರಿಯಲ್ಲಿ ಆ ದಿನವನ್ನು ಇದ್ದಂತೆಯೇ ಚಿತ್ರಿಸಿದನು. 'ಕಟುಕರ ಮನೆ' ಈಗ 'ಗ್ರೇ ಫ್ರಯರ್ಸ್' ಎಂಬ ಗೌರವದ ಹೆಸರು ಪಡೆಯಿತು.

ಅದರ ನಾಯಕ ಕರ್ನಲ್ ನ್ಯೂಕಮ್. ಅದೇ ಶಾಲೆಯಲ್ಲಿ ಕಲಿತು, ಭರತಖಂಡದ ಸೈನ್ಯದಲ್ಲಿ ಹೆಸರು ಮಾಡಿ, ಗಳಿಸಿದ್ದನ್ನೆಲ್ಲ ಬುಂದೇಲಖಂಡದ ಬ್ಯಾಂಕೊಂದರಲ್ಲಿ ತೊಡಗಿಸಿದವನು. ಬ್ಯಾಂಕು ಮುಳುಗಿತು. ಕರ್ನಲ್ ಕಣ್ಮರೆಯಾದನು. ಮುಂದೊಂದು ಡಿಸೆಂಬರ್ ೧೨ರಂದು ಕಥೆ ಹೇಳುವವನು ಊಟಕ್ಕೆಂದು ಶಾಲೆಗೆ ಬರುತ್ತಾನೆ. ಪ್ರಾರ್ಥನೆಯ ನಡುವೆ ಪುಸ್ತಕದಿಂದ ತಲೆಯೆತ್ತಿ ನೋಡಿದರೆ, ಮುದುಕರ ಬೆಂಚಿನ ಮೇಲೆ, ಕರಿಯ ನಿಲುವಂಗಿಯಲ್ಲಿ, ಎದೆಯ ಮೇಲೆ ದೊರೆ ಕೊಟ್ಟ ಪದಕವನ್ನು ಧರಿಸಿ ಕರ್ನಲ್ ನ್ಯೂಕಮ್ ಕುಳಿತಿದ್ದಾನೆ. ಕೊನೆಗೆ ಆ ಆವರಣದಲ್ಲಿಯೇ ಅವನ ಪ್ರಾಣ ಹೋಗುತ್ತದೆ. ಹಾಜರಿ ಕೂಗಿದಾಗ ಹುಡುಗರು 'ಬಂದಿದ್ದೇನೆ' ಎಂದು ಹೇಳುವ ಲ್ಯಾಟಿನ್ ಮಾತೇ ಅವನ ಕಡೆಯ ಮಾತು.

ಊಟಕ್ಕೆ ಬಂದವರ ನಡುವೆ ಕರ್ನಲನಿಗೆ ಸ್ಥಾನವಿಲ್ಲ. ಆದರೆ ಶಾಲೆಯ ಹಾಜರಿಪಟ್ಟಿಯಲ್ಲಿ ಅವನ ಹೆಸರು ಇನ್ನೂ ಇದೆ. ಥ್ಯಾಕರೆ ತನ್ನ ಸಹಪಾಠಿಗಳಿಗೆ ನೆನಪು ಮಾಡಿಕೊಟ್ಟದ್ದು ಇಷ್ಟನ್ನೇ. ಅದನ್ನು ಓದಿದ ಬಳಿಕ ಮುದುಕರ ಬೆಂಚನ್ನು ಕಂಡೂ ಕಾಣದಂತೆ ಊಟಕ್ಕೆ ನಡೆದುಹೋಗುವುದು ಯಾರಿಗೂ ಸುಲಭವಾಗಿರಲಾರದು.

ಕಡೆಯ ಊಟ

೧೮೬೩ರ ಡಿಸೆಂಬರ್ ೧೨ರಂದು ಥ್ಯಾಕರೆ ಎಂದಿನಂತೆ ಚಾರ್ಟರ್‌ಹೌಸಿಗೆ ಬಂದನು. ಪ್ರಾರ್ಥನಾ ಮಂದಿರದಲ್ಲಿ ತನ್ನ ವಾಡಿಕೆಯ ಹಿಂದಿನ ಆಸನದಲ್ಲಿ ಕುಳಿತನು. ಉಪನ್ಯಾಸ ಮಾಡಿದ ಹುಡುಗನಿಗೆ ಕಾಣಿಕೆ ಸಲ್ಲಿಸಲು ಎದ್ದುಹೋದಾಗ ನೆರೆದವರೆಲ್ಲ ಕೈತಟ್ಟಿ ಹರ್ಷಧ್ವನಿ ಮಾಡಿದರು. ಊಟದಲ್ಲಿ ಅವನ ಮಗ್ಗುಲಿಗೆ ಕುಳಿತವನು 'ಪಂಚ್' ಪತ್ರಿಕೆಯ ಪ್ರಸಿದ್ಧ ಚಿತ್ರಕಾರ ಜಾನ್ ಲೀಚ್. ಥ್ಯಾಕರೆಗಿಂತ ಆರು ವರ್ಷ ಚಿಕ್ಕವನಾದ ಲೀಚ್ ಏಳು ವರ್ಷದ ಮಗುವಾಗಿ ಈ ಶಾಲೆಗೆ ಸೇರಿದವನು. ಅವನ ತಂದೆ ಲಂಡನ್ನಿನಲ್ಲಿ ಹೆಸರಾದ ಕಾಫಿ ಹೌಸೊಂದನ್ನು ನಡೆಸಿ ದಿವಾಳಿಯಾಗಿದ್ದನು. ಚಿತ್ರ ಬರೆಯುವುದು ಲೀಚ್‌ಗೆ ಜೀವನೋಪಾಯವಾದದ್ದು ಹಾಗೆ. ಮನೆಯ ಸಿರಿ ಕರಗುವುದನ್ನು ಕಂಡ ಇಬ್ಬರು ಅಂದು ಅಕ್ಕಪಕ್ಕದಲ್ಲಿ ಕುಳಿತು ಉಂಡರು. ಥ್ಯಾಕರೆ ಎದ್ದುನಿಂತು, ಹಾಸ್ಯ ಬೆರೆಸಿ ಮಾತಾಡಿ, ಸಟನ್ನನ ದತ್ತಿಗೆ ಶುಭ ಕೋರಿದನು.

ಹನ್ನೆರಡು ದಿನ ಕಳೆಯಿತು. ಕ್ರಿಸ್‌ಮಸ್ಸಿನ ಹಿಂದಿನ ದಿನ, ಡಿಸೆಂಬರ್ ೨೪ರ ಬೆಳಗ್ಗೆ, ಐವತ್ತೆರಡು ವರ್ಷದ ಥ್ಯಾಕರೆ ತನ್ನ ಹಾಸಿಗೆಯಲ್ಲಿ ಸತ್ತಿದ್ದುದು ಮನೆಯವರಿಗೆ ತಿಳಿಯಿತು. ಮರುವರ್ಷ ಅಕ್ಟೋಬರ್ ೨೯ರಂದು ಲೀಚ್ ತೀರಿಕೊಂಡನು. ೧೮೬೪ರ ಪಂಕ್ತಿಯಲ್ಲಿ ಇಬ್ಬರೂ ಇರಲಿಲ್ಲ.

೧೮೭೨ರಲ್ಲಿ ಶಾಲೆ ಲಂಡನ್ನಿನ ಹೊಗೆಯನ್ನು ತೊರೆದು ಸರ್ರೆ ಪ್ರಾಂತದ ಗೊಡಾಲ್ಮಿಂಗ್ ಊರಿಗೆ ಹೋಯಿತು. ಮುದುಕರು ಹಳೆಯ ಆವರಣದಲ್ಲಿಯೇ ಉಳಿದರು. ೧೯೪೧ರಲ್ಲಿ ಜರ್ಮನರ ಬಾಂಬುಗಳಿಂದ ಕಟ್ಟಡದ ಬಹುಭಾಗ ಸುಟ್ಟರೂ ಪ್ರಾರ್ಥನಾ ಮಂದಿರವೂ ಸಟನ್ನನ ಗೋರಿಯೂ ಉಳಿದುಕೊಂಡವು. ಕಾಲ ಇನ್ನೂ ಕೆಲವನ್ನು ಬದಲಿಸಿದೆ. ಗಂಡುಹುಡುಗರ ಶಾಲೆಯಾಗಿದ್ದುದರಲ್ಲಿ ೧೯೭೦ರ ದಶಕದಿಂದ ಮೇಲ್ತರಗತಿಗಳಿಗೆ ಹುಡುಗಿಯರು ಸೇರಿದರು. ೨೦೨೧ರಿಂದ ಕೆಳತರಗತಿಗೂ ಪ್ರವೇಶ ದೊರೆಯಿತು. ಲಂಡನ್ನಿನ ವೃದ್ಧರ ವಸತಿಯೂ ಈಗ ಹೆಂಗಸರಿಗೆ ತೆರೆದಿದೆ. ಅಲ್ಲಿ ಸೇರಿದವರನ್ನು ಇಂದಿಗೂ 'ಸೋದರರು' ಎಂದೇ ಕರೆಯುವುದು.

ಆ ಹಳೆಯ ಪ್ರಾರ್ಥನಾ ಮಂದಿರಕ್ಕೆ ಹೋಗುವ ಪಡಸಾಲೆಯ ಗೋಡೆಯಲ್ಲಿ ಥ್ಯಾಕರೆಗೂ ಲೀಚ್‌ಗೂ ಸ್ಮಾರಕ ಫಲಕಗಳಿವೆ. ಒಳಗೆ ಪ್ರಾರ್ಥನೆಗೆಂದು ನಡೆಯುವ ಸೋದರರು ಅವುಗಳ ಮುಂದೆಯೇ ಹಾದುಹೋಗಬೇಕು.