ಗೋಧಿ ಒಲ್ಲದ ಕರುಳು

ಮಗುವಿಗೆ ಹೊಟ್ಟೆ ಕೆಟ್ಟಾಗ ನಾವು ಕೊಡುವುದೇನು? ಜೋಳದ ರೊಟ್ಟಿ ಜಡವಾದೀತೆಂದು ಬದಿಗಿರಿಸಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನೋ, ಬಿಸ್ಕತ್ತನ್ನೋ, ರವೆಯ ಗಂಜಿಯನ್ನೋ ಕೊಡುತ್ತೇವೆ. ಬಹುತೇಕ ಮಕ್ಕಳಿಗೆ ಇದರಿಂದ ಕೇಡೇನೂ ಇಲ್ಲ. ಆದರೆ ಎಲ್ಲೋ ಒಂದು ಮಗುವಿನ ಪಾಲಿಗೆ ಈ ಉಪಚಾರವೇ ಬೇನೆಯ ಮೂಲವಾಗಿರಬಹುದು. ಆ ಬೇನೆಗೆ ಸೀಲಿಯಾಕ್ ರೋಗವೆಂದು ಹೆಸರು.

ಲಂಡನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಗೀ ಅವರು 1888ರಲ್ಲಿಯೇ ಈ ರೋಗವನ್ನು ವರ್ಣಿಸಿ, ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕು ಎಂದಿದ್ದರು. ಯಾವ ಪಥ್ಯ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. 1924ರಲ್ಲಿ ಅಮೆರಿಕದ ಡಾ. ಹಾಸ್ ಅವರು ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು, ಮಕ್ಕಳು ಚೇತರಿಸಿಕೊಂಡರು. ಅದರಲ್ಲಿ ಬ್ರೆಡ್ಡಿಗೂ ನಿಷೇಧವಿತ್ತು. ಕೀರ್ತಿಯೆಲ್ಲ ಬಾಳೆಹಣ್ಣಿಗೆ ಹೋಯಿತು!

ಗುಟ್ಟನ್ನು ಹಿಡಿದವರು ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಯುದ್ಧಕ್ಕೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಅಲ್ಲಿ ಘೋರ ಕ್ಷಾಮ. ಬ್ರೆಡ್ ಸಿಗದೆ ಜನ ಟ್ಯೂಲಿಪ್ ಹೂವಿನ ಗೆಡ್ಡೆಯನ್ನು ಬೇಯಿಸಿ ತಿಂದರು. ಆದರೂ ಡಿಕೆಯವರ ಅನುಮಾನಕ್ಕೆ ಬಲ ಕೊಟ್ಟದ್ದು ಬರಿಯ ಕ್ಷಾಮವಲ್ಲ, ತಾಳ್ಮೆಯ ಅಳತೆ. ರೋಗಿ ಮಕ್ಕಳಿಗೆ ಒಂದೊಂದೇ ಧಾನ್ಯವನ್ನು ಕೊಟ್ಟು, ತಿಂಗಳುಗಟ್ಟಲೆ ತೂಕವನ್ನು ಗುರುತಿಸುತ್ತ ಹೋದರು; ಜೀರ್ಣವಾಗದೆ ಮಲದಲ್ಲಿ ಹೋಗುವ ಕೊಬ್ಬನ್ನು ಅಳೆಯುವುದರಲ್ಲಿ ರಸಾಯನಜ್ಞ ವಾನ್ ಡೆ ಕಾಮರ್ ಅವರು ನೆರವಾದರು. ಅಕ್ಕಿ, ಮೆಕ್ಕೆಜೋಳ ಕೊಟ್ಟಾಗ ಮಗು ಸುಖವಾಗಿತ್ತು. ಗೋಧಿ ಕೊಟ್ಟರೆ ಮತ್ತೆ ಭೇದಿ. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಅವರು ಒಪ್ಪಿಸಿದ ಮಹಾಪ್ರಬಂಧದಲ್ಲಿ ಇದೆಲ್ಲ ದಾಖಲಾಗಿದೆ. ದೋಷ ಗೋಧಿಯ ಪಿಷ್ಟದಲ್ಲಿಲ್ಲ, ಕಣಕವನ್ನು ಜಿಗುಟಾಗಿಸುವ ಗ್ಲೂಟೆನ್ನಿನಲ್ಲಿದೆ ಎಂಬುದು ಮುಂದಿನ ಎರಡು ಮೂರು ವರ್ಷಗಳಲ್ಲಿ ಸ್ಥಿರಪಟ್ಟಿತು.

ನಮ್ಮ ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತೆ ನವಿರಾದ ಎಳೆಗಳಿಂದ ತುಂಬಿದೆ. ಆಹಾರದ ಸಾರವನ್ನು ಹೀರುವುದು ಅವೇ. ಈ ರೋಗವುಳ್ಳವರಲ್ಲಿ ಗ್ಲೂಟೆನ್ ಬಂದೊಡನೆ ಶರೀರದ ರಕ್ಷಣಾಶಕ್ತಿ ತನ್ನ ಕರುಳಿನ ಮೇಲೆಯೇ ತಿರುಗಿಬಿದ್ದು ಆ ಎಳೆಗಳನ್ನು ಸವೆಸಿಬಿಡುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿಯಿಲ್ಲದೆಯೂ, ಎಷ್ಟು ಔಷಧ ಕೊಟ್ಟರೂ ನೀಗದ ರಕ್ತಹೀನತೆಯಾಗಿ, ಬೆಳೆಯದ ಎತ್ತರವಾಗಿ ಇದು ತೋರಬಹುದು.

ಇದು ಪರದೇಶದ ರೋಗವಲ್ಲವೇ ಎಂದು ನೀವು ಕೇಳಬಹುದು. ಡಾ. ರಾಮಕೃಷ್ಣ, ಡಾ. ಮಖಾರಿಯಾ ಮತ್ತವರ ಸಂಗಡಿಗರು ನಮ್ಮ ದೇಶದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉತ್ತರದಲ್ಲಿ ಸಾವಿರಕ್ಕೆ ಸುಮಾರು ಎಂಟೂವರೆ ಮಂದಿಗೆ ರೋಗ. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರು. ರೋಗಕ್ಕೆ ಎಡೆಗೊಡುವ ವಂಶವಾಹಿಗಳಾದರೋ ಎರಡೂ ಕಡೆ ಹೆಚ್ಚುಕಡಿಮೆ ಸಮ, ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ.

ಬಳಗಾನೂರು, ಸಿಂಧನೂರು, ಮಸ್ಕಿಯ ಕಡೆಯ ಅಡಿಗೆಮನೆಗಳಿಗೆ ಇದರಿಂದ ತಿಳಿಯುವುದುಂಟು. ಜೋಳ, ಸಜ್ಜೆ, ನವಣೆ, ಕಾಲುವೆಯ ಕೆಳಗೆ ಬೆಳೆಯುವ ಅಕ್ಕಿ, ಇವುಗಳಲ್ಲಿ ಈ ಗ್ಲೂಟೆನ್ ಇಲ್ಲ. ರೋಗಿಗೆ ಬೇಕಾದ ಪಥ್ಯ ನಮ್ಮ ನಿತ್ಯದ ಊಟವೇ. ಆದರೆ ಚಪಾತಿ, ಉಪ್ಪಿಟ್ಟು, ಬಿಸ್ಕತ್ತುಗಳು ಮನೆಮನೆಗೂ ಬಂದಿರುವಾಗ ರೋಗವನ್ನು ಗುರುತಿಸುವುದೂ ಅಗತ್ಯ.

ಹಾಗೆಂದು ಇಂದೇ ಗೋಧಿಯನ್ನು ಬಿಡಿಸಬೇಡಿರಿ. ಬಹುಕಾಲದ ಭೇದಿಗೆ ಇತರ ಕಾರಣಗಳೇ ನಮ್ಮಲ್ಲಿ ಹೆಚ್ಚು. ಮೇಲಾಗಿ, ಪರೀಕ್ಷೆಗೆ ಮೊದಲೇ ಗೋಧಿಯನ್ನು ನಿಲ್ಲಿಸಿದರೆ ರಕ್ತದಲ್ಲಿನ ಕುರುಹು ಮಾಯವಾಗಿ, ಇರುವ ರೋಗವೂ ಇಲ್ಲವೆಂದು ತೋರೀತು. ಮೊದಲು ರಕ್ತಪರೀಕ್ಷೆ, ಅವಶ್ಯವಾದರೆ ಕರುಳಿನ ಚೂರು ತೆಗೆದು ಪರೀಕ್ಷೆ, ಪಥ್ಯ ಆಮೇಲೆ.

ರೋಗ ಖಚಿತವಾದರೆ ಪಥ್ಯ ಜೀವನಪರ್ಯಂತ, ಅದೂ ಕಟ್ಟುನಿಟ್ಟಾಗಿ. ಗೋಧಿ ಬೀಸಿದ ಗಿರಣಿಯ ಕಲ್ಲಿನಲ್ಲೇ ಜೋಳ ಬೀಸಿಸಿದರೆ ಹಿಟ್ಟು ಕೆಟ್ಟಂತೆಯೇ. ಅಂಗಡಿಯ ಇಂಗಿನ ಡಬ್ಬಿಯಲ್ಲಿಯೂ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಚೀಟಿ ಓದಿ ಕೊಳ್ಳಿರಿ. ಹಬ್ಬದ ದಿನ ಎಲ್ಲರ ಎಲೆಗೂ ಗೋಧಿ ಹುಗ್ಗಿ ಬೀಳುವಾಗ ಮಗು ಮುಖ ಸಣ್ಣಗೆ ಮಾಡಿಕೊಂಡೀತು. ಅಂದು ಮನೆಮಂದಿಗೆಲ್ಲ ನವಣೆಯ ಹುಗ್ಗಿಯನ್ನೇ ಮಾಡಬಹುದು. ಬೆಲ್ಲ, ತುಪ್ಪ ಸರಿಯಾಗಿ ಬಿದ್ದರೆ ದೊಡ್ಡವರೂ ಎರಡನೆಯ ಸಲ ಕೇಳುತ್ತಾರೆ.